ಏನಂದ್ರಿ ಅಂಬಕ್ಕ

ನಮ್ಮೂರಲ್ಲಿ ನೂರನೇ ಪ್ರದರ್ಶನ ಮುಗಿದ ಮಾರನೆಯ ಬೆಳಗ್ಗೆ ಪಾತ್ರ ಇಳಿದು ಬರುತ್ತದೆ. ರಂಗದ ಮೇಲೆ ನೂರು ಸಲ ಜನರನ್ನು ನಗಿಸಿದ ಪಾತ್ರ, ನೂರಾ ಒಂದನೇ ದಿನ ತನ್ನ ಪಾಡಿಗೆ ತಾನು ಬೀದಿಯಲ್ಲಿ ನಡೆದು ಬಂದು, ಊರಿನವರಲ್ಲಿ ಒಬ್ಬರಾಗಿ ಇದ್ದುಬಿಡುತ್ತದೆ. ನಾನು ಹುಟ್ಟುವ ಮೊದಲೇ ಇಳಿದ ಕುಡುಕ ಹವಾಲ್ದಾರ ಇವತ್ತಿಗೂ ಗಡಿಯಾರದ ಕಂಬದ ಹತ್ತಿರ ನಿಂತು ದನಗಳಿಗೆ ಸಲ್ಯೂಟ್ ಹೊಡೆಯುತ್ತಾನೆ. ಅವನನ್ನು ಮಾಡಿದ ನಟ ತೀರಿಕೊಂಡು ಮೂವತ್ತು ವರ್ಷವಾಯಿತು. ಹವಾಲ್ದಾರನ ತಲೆಯಲ್ಲಿ ಒಂದು ಕೂದಲೂ ನೆರೆತಿಲ್ಲ.

ಇಂಥವರ ಜೊತೆ ಬಾಳುವುದು ಊರಿಗೆ ರೂಢಿಯಾಗಿದೆ. ಇರುವ ತೊಂದರೆ ಒಂದೇ. ಪಾತ್ರಗಳು ಒಂದು ಮಾತಾಡಿದ ಮೇಲೆ ನಗುವಿಗಾಗಿ ಕಾಯುತ್ತವೆ. ಕತ್ತು ಸ್ವಲ್ಪ ಓರೆ ಮಾಡಿ, ಹುಬ್ಬು ಮೇಲಕ್ಕೆತ್ತಿ, ನಿಂತಲ್ಲೇ ನಿಲ್ಲುತ್ತವೆ. ಯಾರಾದರೂ ನಕ್ಕರೆ ಮುಂದಿನ ಹೆಜ್ಜೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಮ್ಮೂರ ಬಸ್ ಕಂಡಕ್ಟರುಗಳು ಟಿಕೆಟ್ ಹರಿಯುತ್ತಲೇ ‘ಹಹ್ಹ’ ಅನ್ನುವುದನ್ನು ಕಲಿತಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಪಾತ್ರಗಳಿಗೆ ಬೇರೆ ಸಾಲು. ಆ ಸಾಲಿಗೆ ಅಕ್ಕಿ ಅಳೆಯುವ ಹೆಂಗಸು ಹಗಲೆಲ್ಲ ನಕ್ಕು ನಕ್ಕು, ಸಂಜೆ ಮನೆಗೆ ಹೋದ ಮೇಲೆ ಗಂಡನ ಹತ್ತಿರ ಮುಖ ಸಡಿಲಿಸುವುದಿಲ್ಲವಂತೆ.

ನಾನು ಈ ಊರಿನ ಹಾಸ್ಯನಟ. ಆಗಿದ್ದೆ ಅನ್ನಬೇಕು. ಹೆಸರು ನೀಲಕಂಠ, ಗೋಡೆಯ ಮೇಲಿನ ಪೋಸ್ಟರಿನಲ್ಲಿ ‘ನಗೆ ನೀಲಕಂಠ’. ನನ್ನಿಂದ ಮೂರು ಪಾತ್ರಗಳು ಇಳಿದವು. ಮೊದಲೆರಡರ ಬಗ್ಗೆ ಎಲ್ಲಿ ಬೇಕಾದರೂ ಎದೆಯುಬ್ಬಿಸಿ ಹೇಳಿಕೊಂಡಿದ್ದೇನೆ. ಮೂರನೆಯದರ ಮಾತೆತ್ತಿದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಇವತ್ತು ಎದ್ದು ಹೋಗುವುದಿಲ್ಲ.

ಮೊದಲನೆಯವನು ಸೀನಪ್ಪ ಕಂಪೌಂಡರ್. ಬೆನ್ನ ಮೇಲಿನ ಕುರು ತೋರಿಸಲು ಹೋದಾಗ ಔಷಧಿ ಕೊಡುವವನೊಬ್ಬ ಕೆಟ್ಟ ಸುದ್ದಿ ಹೇಳುವ ಮೊದಲು ಪ್ರತಿ ಸಲವೂ ಸೀನುವುದನ್ನು ನೋಡಿದೆ. ಅಷ್ಟೇ ಸಾಕಾಯಿತು. ಎರಡನೆಯವನು ನಾಳೆ-ಬಾ ನಾಗಪ್ಪ. ನಮ್ಮ ಪುರಸಭೆಯ ಒಬ್ಬ ಗುಮಾಸ್ತರು ಎರಡು ವರ್ಷ ನನ್ನ ಒಂದು ಅರ್ಜಿಗೆ ‘ನಾಳೆ ಬಾ’ ಅಂದಿದ್ದರು. ನಾಗಪ್ಪ ಇಳಿದು ಬಂದವನೇ ಸೀದಾ ಪುರಸಭೆಗೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತ. ಆ ಗುಮಾಸ್ತರು ಒಂದು ವಾರ ಅವನ ಮುಖ ನೋಡಿದರು, ಎಂಟನೇ ದಿನದಿಂದ ಅರ್ಜಿಗಳನ್ನೆಲ್ಲ ಅವತ್ತವತ್ತೇ ಮುಗಿಸತೊಡಗಿದರು. ನನ್ನಿಂದ ಊರಿಗೆ ಉಪಕಾರವಾಯಿತು ಅಂತ ಶಾಲು ಹೊದಿಸಿ ಸನ್ಮಾನ ಮಾಡಿದರು.

ಪಾತ್ರ ಮಾಡುವುದು ಹೇಗೆ ಅಂತ ಅವತ್ತು ಸಭೆಯಲ್ಲಿ ಯಾರೋ ಕೇಳಿದರು. ನಾನು ಮೈಕಿನ ಮುಂದೆ ನಿಂತು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. “ಒಬ್ಬ ಮನುಷ್ಯನನ್ನು ಚೆನ್ನಾಗಿ ನೋಡಬೇಕು. ಅವನಲ್ಲಿರುವ ಒಂದು ಕೊರತೆ ಎತ್ತಿಕೊಳ್ಳಬೇಕು. ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ಬರಬೇಕು. ಉಳಿದದ್ದನ್ನೂ ತಂದರೆ ಜನ ನಗುವುದಿಲ್ಲ.” ಭಾರೀ ಚಪ್ಪಾಳೆ ಬಿತ್ತು.

ಇನ್ನು ಅತ್ತಿಗೆಯ ಬಗ್ಗೆ ಹೇಳಬೇಕು.

ಅತ್ತಿಗೆಯ ಹೆಸರು ಶರಣಮ್ಮ. ಅವರು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಐದು ವರ್ಷ, ತಂದೆ ತಾಯಿ ಇರಲಿಲ್ಲ. ನನಗೆ ಒಂಬತ್ತಾದಾಗ ಅಣ್ಣ ಲಾರಿ ಮಗುಚಿ ಹೋದ. ಮಕ್ಕಳಿಲ್ಲದ ಹೆಂಗಸು, ಇಪ್ಪತ್ತಮೂರು ವರ್ಷ, ತವರಿನಿಂದ ಕರೆಯಲು ಬಂದಿದ್ದರು. ಅತ್ತಿಗೆ ನನ್ನನ್ನು ತೋರಿಸಿ, “ಇವನನ್ನ ಯಾರ ಕೈಲಿ ಕೊಟ್ಟು ಬರಲಿ?” ಅಂತ ಕೇಳಿದರಂತೆ. ಆಮೇಲೆ ಅವಲಕ್ಕಿ ಮಿಲ್ಲಿಗೆ ಕೆಲಸಕ್ಕೆ ಸೇರಿದರು. ಅವಲಕ್ಕಿ ಕುಟ್ಟುವ ಯಂತ್ರದ ಸದ್ದು ಕೇಳಿದವರಿಗೆ ಗೊತ್ತು, ಬಾಗಿಲಲ್ಲಿ ನಿಂತರೆ ಹಲ್ಲು ಅದುರುತ್ತವೆ. ಅತ್ತಿಗೆ ಅದರ ಬಾಯಿಗೆ ಬತ್ತ ಸುರಿಯುತ್ತ ಹದಿನಾಲ್ಕು ವರ್ಷ ನಿಂತರು. ನಾನು ಓದು ಮುಗಿಸಿ, ನಾಟಕ ಅಂತ ತಿರುಗಿ, ಒಂದು ನೆಲೆ ಕಾಣುವ ಹೊತ್ತಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು. ಎದುರಿಗೆ ನಿಂತು ಕೂಗಿದರೆ, ತುಟಿ ನೋಡಿ ಅರ್ಧ ತಿಳಿಯುತ್ತಿದ್ದರು. ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಒಳ್ಳೆಯದನ್ನೇ ತುಂಬಿಕೊಳ್ಳುತ್ತಿದ್ದರು ಅನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಾಗಪ್ಪ ಹಳಸಿದ್ದ ಕಾಲ ಅದು. ಜನ ಹೊಸದು ಕೇಳುತ್ತಿದ್ದರು. ನಮ್ಮ ತಂಡದ ಯಜಮಾನರು ಹನೀಫ್ ಸಾಹೇಬರು ಒಳ್ಳೆಯ ಮನುಷ್ಯ, ಆದರೂ ಸತತ ನಾಲ್ಕು ಭಾನುವಾರ ಖಾಲಿ ಕುರ್ಚಿ ನೋಡಿದ ಮೇಲೆ ಅವರು ನನ್ನನ್ನು ನೋಡುವ ರೀತಿಯೇ ಬದಲಾಗಿತ್ತು. ಒಂದು ಮಧ್ಯಾಹ್ನ ತಲೆಕೆಡಿಸಿಕೊಂಡು ಊಟಕ್ಕೆ ಕೂತಿದ್ದೆ. ಸಾರು ಸಪ್ಪೆಯಾಗಿತ್ತು. “ಅತ್ತಿಗೆಮ್ಮ, ಉಪ್ಪು” ಅಂದೆ.

ಅತ್ತಿಗೆ ಕಿವಿಗೆ ಅಂಗೈ ಆನಿಸಿಕೊಂಡು, “ತುಪ್ಪಾನಾ? ಇರು ಇರು” ಅಂದವರೇ ಮುಖ ಅರಳಿಸಿಕೊಂಡು ಎದ್ದು ಹೋದರು. ಅಟ್ಟದಿಂದ ಒಂದು ಪುಟ್ಟ ಭರಣಿ ಇಳಿಸಿ ತಂದರು. “ನಿನಗೇ ಅಂತ ಎತ್ತಿಟ್ಟಿದ್ದೆ. ಬಾಯ್ಬಿಟ್ಟು ಕೇಳೋದೇ ಇಲ್ಲ ನೀನು” ಅಂತ ಬೆರಳಲ್ಲಿ ಬಳಿದು ಬಳಿದು ಅನ್ನಕ್ಕೆ ಹಾಕಿದರು.

ನಾನು ನಕ್ಕೆ. ಅವರೂ ನಕ್ಕರು. ತುಪ್ಪದ ಅನ್ನ ಉಂಡೆ. ಉಣ್ಣುತ್ತ ಉಣ್ಣುತ್ತ ನನ್ನ ತಲೆಯಲ್ಲಿ ಆ ಅಂಗೈ, ಆ ‘ಇರು ಇರು’, ಆ ಅರಳಿದ ಮುಖ ಬೇರೆ ಬೇರೆಯಾಗಿ ಕೂರುತ್ತಿದ್ದವು. ಕೈ ತೊಳೆಯುವಷ್ಟರಲ್ಲಿ ಪಾತ್ರ ಸಿದ್ಧವಾಗಿತ್ತು.

ಏನಂದ್ರಿ ಅಂಬಕ್ಕ ಅಂತ ಹೆಸರಿಟ್ಟೆ. ಹೆಸರು ಬೇರೆ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಮೇಜು ಒರೆಸಲಿಕ್ಕೆ ಬೇಕು ಅಂತ ಸುಳ್ಳು ಹೇಳಿ ಅತ್ತಿಗೆಯ ಹಳೆಯ ಹಸಿರು ಸೀರೆ ಇಸಿದುಕೊಂಡೆ. ಅದನ್ನುಟ್ಟು, ಬಿಳಿಗೂದಲ ಟೋಪನ್ ಇಟ್ಟು, ಕಿವಿಗೆ ಅಂಗೈ ಹಚ್ಚಿ ನಿಂತರೆ ಸಾಕು, ಟೌನ್ ಹಾಲ್ ಕುಲುಕಾಡುತ್ತಿತ್ತು. “ಹಾಲು ಇದೆಯಾ?” ಅಂತ ಪಕ್ಕದ ಮನೆಯವನು ಕೇಳಿದರೆ ಅಂಬಕ್ಕ, “ಕಾಲಾ? ಎರಡೂ ಇವೆಯಲ್ಲಪ್ಪ” ಅನ್ನುತ್ತಿದ್ದಳು. “ಮಳೆ ಬಂತು” ಅಂದರೆ, “ಬಳೆ ಬಂತಾ? ಡಜನ್ ಎಷ್ಟಂತೆ?” ಅನ್ನುತ್ತಿದ್ದಳು. ಮನೆ ಎಲ್ಲಿ ಅಂತ ಕೇಳಿದರೆ, “ಮಿಲ್ಲಿನ ಹಿಂದಿನ ಸಾಲು, ನೀಲಿ ಬಾಗಿಲು” ಅನ್ನುತ್ತಿದ್ದಳು. ಅದು ನಮ್ಮದೇ ಮನೆ. ನಾಲಿಗೆಗೆ ಬಂತು, ಅಂದುಬಿಟ್ಟೆ. ಜನ ನಕ್ಕರು, ಹಾಗಾಗಿ ಉಳಿಸಿಕೊಂಡೆ.

ಎಲ್ಲಕ್ಕಿಂತ ದೊಡ್ಡ ನಗು ಬರುತ್ತಿದ್ದದ್ದು ಬಸ್ಸಿನ ಮಾತಿಗೆ. ಅದನ್ನು ಹೇಳದೆ ವಿಧಿಯಿಲ್ಲ. ನನಗೆ ಇಪ್ಪತ್ತೊಂದಿದ್ದಾಗ ಅತ್ತಿಗೆಯ ಅಪ್ಪ ತೀರಿಕೊಂಡರು. ಸುದ್ದಿ ತಂದವನು ಬಾಗಿಲಲ್ಲಿ ನಿಂತು, “ನಿಮ್ಮಪ್ಪ ಸತ್ತರು” ಅಂತ ಕೂಗಿದ. ಅತ್ತಿಗೆ, “ಹತ್ತಿದರಾ? ಯಾವ ಬಸ್ಸು?” ಅಂತ ಕೇಳಿದರು. ಬಂದವನು ತಬ್ಬಿಬ್ಬಾಗಿ ಹೊರಟುಹೋದ. ಅತ್ತಿಗೆ ಒಂದು ಪಾವು ಅಕ್ಕಿ ಹೆಚ್ಚಿಗೆ ಇಟ್ಟು, ತಲೆ ಬಾಚಿಕೊಂಡು, ಅಪ್ಪನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋದರು. ನನಗೆ ವಿಷಯ ತಿಳಿದು ಓಡಿಹೋಗುವ ಹೊತ್ತಿಗೆ ಅವರು ಮೂರು ಬಸ್ಸು ನೋಡಿದ್ದರು. “ಮುಂದಿನದರಲ್ಲಿ ಬರ್ತಾರೆ ಕಣೋ” ಅಂದರು. ಅವರ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಕೂಗಿ ನಿಜ ಹೇಳಿದವನು ನಾನು. ಹದಿಮೂರು ವರ್ಷದ ನಂತರ ಅದನ್ನೇ ರಂಗದ ಮೇಲೆ ತಂದವನೂ ನಾನು. “ಹತ್ತಿದರಾ? ಯಾವ ಬಸ್ಸು?” ಅಂದಾಗ ಮುಂದಿನ ಸಾಲಿನವರು ಕುರ್ಚಿಯಿಂದ ಜಾರುತ್ತಿದ್ದರು.

ಅತ್ತಿಗೆ ನಾಟಕಕ್ಕೆ ಬರುತ್ತಿರಲಿಲ್ಲ. ಕೇಳಿಸದಿದ್ದ ಮೇಲೆ ಬಂದು ಏನು ಮಾಡಲಿ ಅನ್ನುತ್ತಿದ್ದರು. ಏನು ಪಾರ್ಟು ಮಾಡ್ತಿ ಅಂತ ಕೇಳಿದಾಗ, ರಾಜ, ಒಮ್ಮೊಮ್ಮೆ ಮಂತ್ರಿ ಅಂತ ಹೇಳಿದ್ದೆ. ಬೀದಿಯಲ್ಲಿ ಜನ ಅವರನ್ನು ನಿಲ್ಲಿಸಿ, “ಶರಣಮ್ಮೋರೇ, ಹಾಲು ಇದೆಯಾ?” ಅಂತ ಕೇಳಿ ಕೇಳಿ ನಗುತ್ತಿದ್ದರು. ಅತ್ತಿಗೆ ಮನೆಗೆ ಬಂದು ಖುಷಿಯಿಂದ ಹೇಳುತ್ತಿದ್ದರು: “ಈ ಊರಿನ ಜನ ಎಷ್ಟು ನಗುನಗ್ತಾ ಮಾತಾಡಿಸ್ತಾರೆ ನೋಡು. ನೀನು ರಾಜನ ಪಾರ್ಟು ಚೆನ್ನಾಗಿ ಮಾಡ್ತಿ, ಅದಕ್ಕೇ ನನಗೂ ಮರ್ಯಾದೆ.”

ಲೆಕ್ಕ ನನಗೆ ತಪ್ಪಿರಲಿಲ್ಲ. ತೊಂಬತ್ತೊಂಬತ್ತು ಆದಾಗ ನಿಲ್ಲಿಸಿದೆ. ಹನೀಫ್ ಸಾಹೇಬರಿಗೆ ಕಾರಣ ಹೇಳಿದೆ. ಅವರು ಗಡ್ಡ ನೀವಿಕೊಂಡು, “ಸರಿ ನೀಲಕಂಠ, ಮನೆ ಮರ್ಯಾದೆ ಮುಖ್ಯ, ಬೇರೆ ಏನಾದರೂ ಮಾಡು” ಅಂದರು. ಮಾಡಿದೆ. ಒಂದು ತಿಂಗಳು ಕೂತು ಒಬ್ಬ ಹೊಸ ಜ್ಯೋತಿಷಿಯನ್ನು ಕಟ್ಟಿದೆ. ಮೊದಲ ದಿನ ಹತ್ತು ನಿಮಿಷ ಆಡಿದೆ, ಯಾರೋ ಕೆಮ್ಮಿದರು, ಯಾರೋ ಕಡಲೆಕಾಯಿ ಸಿಪ್ಪೆ ಎಸೆದರು. ಹಿಂದಿನಿಂದ ಒಬ್ಬ “ಅಂಬಕ್ಕ!” ಅಂತ ಕೂಗಿದ. ಆಮೇಲೆ ಇಡೀ ಹಾಲ್ ಚಪ್ಪಾಳೆ ತಟ್ಟುತ್ತ ಅದೇ ಹೆಸರು ಹೇಳತೊಡಗಿತು. ಪರದೆಯ ಪಕ್ಕ ನಿಂತಿದ್ದ ಹನೀಫ್ ಸಾಹೇಬರು ಬೇಡ ಅಂತ ತಲೆಯಾಡಿಸಿದರು. ನಾನು ಅವರನ್ನು ದಾಟಿ ಒಳಗೆ ಹೋಗಿ ಹಸಿರು ಸೀರೆ ಸುತ್ತಿಕೊಂಡೆ. ಯಾರೂ ನನ್ನ ಕುತ್ತಿಗೆ ಹಿಡಿದು ಉಡಿಸಲಿಲ್ಲ. ಅವತ್ತಿನಷ್ಟು ಚೆನ್ನಾಗಿ ಅಂಬಕ್ಕನನ್ನು ನಾನು ಯಾವತ್ತೂ ಆಡಿರಲಿಲ್ಲ.

ಮಾರನೆಯ ಬೆಳಗ್ಗೆ ಎಂಟರ ಸುಮಾರಿಗೆ ಅತ್ತಿಗೆ ಬಾಗಿಲ ಮುಂದೆ ನೀರು ಹಾಕುತ್ತಿದ್ದರು. ನಾನು ಒಳಗಿನಿಂದ ನೋಡಿದೆ. ಸಾಲಿನ ತುದಿಯಿಂದ ಅಂಬಕ್ಕ ನಡೆದು ಬರುತ್ತಿದ್ದಳು. ಅದೇ ಸೀರೆ, ಅದೇ ನೆರಿಗೆ, ಎಡಗಾಲು ಸ್ವಲ್ಪ ಎಳೆಯುವ ಅದೇ ನಡಿಗೆ. ಅತ್ತಿಗೆ ಬಿಂದಿಗೆ ಕೆಳಗಿಟ್ಟರು. ಅಂಬಕ್ಕ ನೀಲಿ ಬಾಗಿಲು ನೋಡಿ, “ಇದೇ ನಮ್ಮನೆ” ಅಂತ ಅತ್ತಿಗೆಯ ಪಕ್ಕದಲ್ಲೇ ಬಂದು ನಿಂತು ಕತ್ತು ಓರೆ ಮಾಡಿ ಕಾದಳು. ಎದುರು ಮನೆಯವರು ಅಭ್ಯಾಸಬಲದಿಂದ ‘ಹಹ್ಹ’ ಅಂದರು. ಅಂದವರೇ ಅತ್ತಿಗೆಯ ಮುಖ ನೋಡಿ ಒಳಗೆ ಸರಿದರು.

ಅತ್ತಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೀರೆಯ ಸೆರಗಿನಲ್ಲಿ ತಾವೇ ಹಾಕಿದ್ದ ತೇಪೆಯನ್ನು ಮುಟ್ಟಿ ನೋಡಿದರು. “ಯಾರವ್ವ ನೀನು?” ಅಂತ ಕೇಳಿದರು. ಅಂಬಕ್ಕ ಕಿವಿಗೆ ಅಂಗೈ ಹಚ್ಚಿ, “ಹತ್ತಿದರಾ? ಯಾವ ಬಸ್ಸು?” ಅಂದಳು. ಅವಳಿಗೆ ಬರುತ್ತಿದ್ದ ಹತ್ತಿಪ್ಪತ್ತು ಮಾತಿನಲ್ಲಿ ಅದೊಂದು. ಅತ್ತಿಗೆಗೆ ಕೇಳಿಸಲಿಲ್ಲ, ತುಟಿ ಓದಿದರು. ಓದಿ, ಮೆಲ್ಲಗೆ ತಿರುಗಿ, ಬಾಗಿಲೊಳಗೆ ನಿಂತಿದ್ದ ನನ್ನನ್ನು ನೋಡಿದರು.

ಅಂಬಕ್ಕ ಕಾಯುತ್ತಿದ್ದಳು. ಬೀದಿಯಲ್ಲಿ ಯಾರೂ ನಗಲಿಲ್ಲ. ನಿಮಿಷ ಎರಡಾಯಿತು, ಮೂರಾಯಿತು. ಅವಳು ಹೊಸ್ತಿಲಲ್ಲಿ ಹಾಗೇ ನಿಂತಿದ್ದಳು, ಬೀದಿಯ ಬಾಗಿಲುಗಳು ಒಂದೊಂದೇ ತೆರೆದುಕೊಳ್ಳುತ್ತಿದ್ದವು. ಕೊನೆಗೆ ನಾನು, ಅತ್ತಿಗೆಯ ಕಣ್ಣ ಮುಂದೆಯೇ, ‘ಹಹ್ಹಹ್ಹ’ ಅಂತ ನಕ್ಕೆ. ಅಂಬಕ್ಕ ಒಳಗೆ ಬಂದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಪಾತ್ರಗಳನ್ನು ಹೊರಗೆ ಹಾಕುವಂತಿಲ್ಲ, ಅವುಗಳ ಮನೆ ಅಂತ ರಂಗದ ಮೇಲೆ ಹೇಳಿದ್ದೇ ಅವುಗಳ ಮನೆ. ಅಂಬಕ್ಕ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ನಡುಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. ಪ್ರತಿ ಮಾತಿಗೂ ನಿಲ್ಲುತ್ತಿದ್ದಳು. ಕೈಯಲ್ಲಿ ಬಿಸಿ ಪಾತ್ರೆ ಇದ್ದರೂ ನಿಲ್ಲುತ್ತಿದ್ದಳು. ನಾನು ಓಡಿಬಂದು ನಗುತ್ತಿದ್ದೆ. ಒಂದು ದಿನದಲ್ಲಿ ಎಷ್ಟು ಸಲ ನಕ್ಕೆನೋ ದೇವರಿಗೇ ಗೊತ್ತು. ಪ್ರತಿ ಸಲವೂ ಅತ್ತಿಗೆ ಅಲ್ಲೇ ಇರುತ್ತಿದ್ದರು. ಅಕ್ಕಿ ಆರಿಸುತ್ತ ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸುತ್ತಿದ್ದರು.

ಮೂರನೇ ದಿನ ಊಟಕ್ಕೆ ಕೂತಾಗ ಕೇಳಿದರು. “ನಾನು ಹೀಗೇನಾ ಇರೋದು, ನೀಲ?”

ನಾನು ಕಲೆಸಿದ ಅನ್ನವನ್ನೇ ಮತ್ತೆ ಕಲೆಸಿದೆ.

“ಎಷ್ಟು ಜನ ನೋಡಿದಾರೆ?”

“ಎಲ್ಲರೂ” ಅಂದೆ. ಮೆಲ್ಲಗೆ ಅಂದೆ, ಆದರೆ ತುಟಿ ಓದಿದರು.

“ಅದಕ್ಕೇ ಎಲ್ಲರೂ ಹಾಲು ಕೇಳ್ತಿದ್ದರಾ?” ಅಂದರು. ಅಷ್ಟೇ ಅಂದದ್ದು.

ಎಲೆಯ ಮುಂದಿನಿಂದ ಎದ್ದು ಅವರ ಕಾಲ ಹತ್ತಿರ ಕೂತೆ. ಅವರಿಗೆ ತಲುಪಬೇಕಾದರೆ ಕೂಗಲೇಬೇಕು. ನಮ್ಮ ಸಾಲಿನ ಮನೆಗಳ ಗೋಡೆ ತೆಳು, ಎಂಟು ಮನೆಗೆ ಕೇಳಿಸುತ್ತದೆ ಅಂತ ಗೊತ್ತಿದ್ದೂ ಕೂಗಿದೆ. “ಅತ್ತಿಗೆಮ್ಮ, ತಪ್ಪಾಯ್ತು!”

ಹಿಂದಿನಿಂದ ಅಂಬಕ್ಕ ಅಂಗೈ ಕಿವಿಗೆ ಹಚ್ಚಿ, “ಉಪ್ಪಾಯ್ತಾ? ಪಕ್ಕದ ಮನೇಲಿ ಇಸ್ಕೊಂಡು ಬಾ” ಅಂದಳು. ಕತ್ತು ಓರೆ ಮಾಡಿ ನಿಂತಳು. ಅವಳ ಕೈಯಲ್ಲಿ ಕುದಿಯುವ ಸಾರಿನ ಪಾತ್ರೆ ಇತ್ತು, ಬಟ್ಟೆ ಇಲ್ಲದೆ ಬರಿಗೈಯಲ್ಲಿ ಹಿಡಿದಿದ್ದಳು. ನಾನು ಅತ್ತಿಗೆಯ ಪಾದದ ಮೇಲೆ ಕೈಯಿಟ್ಟುಕೊಂಡೇ ಅವಳ ಕಡೆ ತಿರುಗಿ ನಕ್ಕೆ. ಅತ್ತಿಗೆ ಕಾಲು ಹಿಂದಕ್ಕೆಳೆದುಕೊಂಡರು. ಎದ್ದು ಹೋಗಿ ಅಂಬಕ್ಕನ ಕೈಯಿಂದ ಪಾತ್ರೆ ಇಸಿದುಕೊಂಡು ಕೆಳಗಿಟ್ಟು, ಅವಳ ಅಂಗೈಗೆ ಎಣ್ಣೆ ಸವರಿದರು.

ಅವತ್ತಿನಿಂದ ಅತ್ತಿಗೆ ಮಾತು ನಿಲ್ಲಿಸಿದರು. ಕೋಪ ಮಾಡಿಕೊಂಡಿದ್ದಾರೆ ಅಂದುಕೊಂಡಿದ್ದೆ. ಕೋಪವಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರಿಗೆ ಹೆದರಿಕೆ ಹತ್ತಿತ್ತು. ಯಾರು ಏನು ಕೇಳಿದರೂ ಎಲ್ಲಿ ತಪ್ಪು ಉತ್ತರ ಕೊಟ್ಟುಬಿಡುತ್ತೇನೋ ಅಂತ ತುಟಿ ಬಿಗಿದುಕೊಂಡು ತಲೆಯಾಡಿಸುತ್ತಿದ್ದರು. ತರಕಾರಿಯವಳು ಬಂದರೆ ಬೆರಳು ತೋರಿಸಿ ಕೊಳ್ಳುತ್ತಿದ್ದರು. ಕಿವಿಗೆ ಕೈ ಹಚ್ಚಬೇಕು ಅನ್ನಿಸಿದಾಗ ಅರ್ಧಕ್ಕೆ ತಡೆದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅತ್ತಿಗೆಯ ಹಾಗೆ ಮಾತಾಡುತ್ತಿದ್ದವಳು ಅಂಬಕ್ಕ ಒಬ್ಬಳೇ.

ನಾಲ್ಕು ತಿಂಗಳು ಹೀಗೇ ಹೋಯಿತು. ನಾನು ರಂಗಕ್ಕೆ ಹೋಗಿರಲಿಲ್ಲ. ಹನೀಫ್ ಸಾಹೇಬರೇ ಒಂದು ದಿನ ಮನೆಗೆ ಬಂದರು. ಅಂಬಕ್ಕನನ್ನೂ ನೋಡಿದರು, ಗೋಡೆಗೆ ಒರಗಿ ಕೂತಿದ್ದ ಅತ್ತಿಗೆಯನ್ನೂ ನೋಡಿದರು. ಹೊರಗೆ ಜಗಲಿಯ ಮೇಲೆ ಕೂತು ಹೇಳಿದರು: “ಇಳಿದ ಪಾತ್ರಕ್ಕೆ ರಂಗದ ಮೇಲೆ ಏನು ಸೇರಿಸಿದರೂ ಅದು ಮಾರನೆಯ ದಿನ ಅದಕ್ಕೆ ಸಿಗುತ್ತದೆ, ನಿನಗೂ ಗೊತ್ತು. ಹವಾಲ್ದಾರನಿಗೆ ಆಮೇಲೆ ತಾನೇ ಮೀಸೆ ಬಂದದ್ದು? ನೀನು ಬಿಟ್ಟು ಬಂದದ್ದನ್ನು ಈಗ ತಂದು ಸೇರಿಸು. ಜನ ನಗದಿದ್ದರೂ ಪರವಾಗಿಲ್ಲ. ಭಾನುವಾರ ನಾಲ್ಕು ಗಂಟೆಗೆ ಹಾಲ್ ಕೊಡುತ್ತೇನೆ.”

ನಾನು ಬರೆದೆ. ಅವಲಕ್ಕಿ ಮಿಲ್ಲು ಬರೆದೆ, ಯಂತ್ರದ ಬಾಯಿ ಬರೆದೆ, ಬಸ್ ಸ್ಟ್ಯಾಂಡಿನಲ್ಲಿ ಕಾದದ್ದು ಬರೆದೆ. ಒಂದೂ ನಗೆಮಾತು ಹಾಕಲಿಲ್ಲ. ಶನಿವಾರ ಅತ್ತಿಗೆಯ ಎದುರು ಕೂತು, “ನಾಳೆ ನೀವು ಬರಬೇಕು” ಅಂತ ಕೂಗಿ ಹೇಳಿದೆ. ಅವರು ಬೇಡ ಅಂತ ತಲೆಯಾಡಿಸಿದರು. “ಇದೊಂದು ಸಲ ಅತ್ತಿಗೆಮ್ಮ, ಇನ್ನು ಯಾವತ್ತೂ ಕೇಳಲ್ಲ” ಅಂದೆ. ನನ್ನ ಮುಖದಲ್ಲಿ ಏನು ಕಂಡರೋ, ಒಪ್ಪಿದರು. ಭಾನುವಾರ ತಲೆ ಬಾಚಿಕೊಂಡು, ಇಸ್ತ್ರಿ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಹನೀಫ್ ಸಾಹೇಬರ ಹೆಂಡತಿಯ ಪಕ್ಕ ಕೂತರು. ಅಂಬಕ್ಕ ಮನೆಯಲ್ಲೇ ಇದ್ದಳು.

ಹಾಲ್ ತುಂಬಿ ಜನ ನಿಂತಿದ್ದರು. ನಾಲ್ಕು ತಿಂಗಳ ಮೇಲೆ ಅಂಬಕ್ಕ ಬರುತ್ತಾಳೆ ಅಂತ ಊರೇ ಬಂದಿತ್ತು. ನಾನು ರಂಗಕ್ಕೆ ಕಾಲಿಟ್ಟದ್ದೇ ತಡ, ನಗು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ಬಸ್ಸು ಬಂದ ಸದ್ದಾಯಿತು, ಅಂಬಕ್ಕ ಎದ್ದು ನಿಂತು ಇಳಿದವರ ಮುಖಗಳನ್ನು ನೋಡಿ ಮತ್ತೆ ಕೂತಳು. ಜನ ನಕ್ಕರು. ಎರಡನೇ ಬಸ್ಸು. ಇನ್ನೂ ಜೋರು ನಗು. ಮೂರನೇ ಸಲ ಎದ್ದಾಗ ಶಿಳ್ಳೆ ಬಿತ್ತು. ಮಿಲ್ಲಿನ ದೃಶ್ಯಕ್ಕೆ ಹೋದೆ. ಯಂತ್ರದ ಸದ್ದಿಗೆ ಅಂಬಕ್ಕ ಕಿವಿ ಮುಚ್ಚಿಕೊಳ್ಳುತ್ತಾಳೆ, ಕೈ ತೆಗೆದು ಬತ್ತ ಸುರಿಯುತ್ತಾಳೆ, ಮತ್ತೆ ಮುಚ್ಚಿಕೊಳ್ಳುತ್ತಾಳೆ. ಒಬ್ಬ ಹೊಟ್ಟೆ ಹಿಡಿದುಕೊಂಡು ಹೊರಗೆ ಓಡಿದ. ಅವರ ತಪ್ಪಿಲ್ಲ. ನೂರು ಸಲ ಆ ಸೀರೆ ಕಂಡಾಗೆಲ್ಲ ನಗಬೇಕು ಅಂತ ಅವರಿಗೆ ಕಲಿಸಿದವನು ನಾನೇ.

ಟೋಪನ್ ತೆಗೆದೆ. ಅದಕ್ಕೂ ನಕ್ಕರು. ರಂಗದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತೆ. ಅತ್ತಿಗೆಯ ಮುಖ ಎದುರಿಗೇ ಇತ್ತು, ನೋಡಲಾಗಲಿಲ್ಲ. ತಲೆ ತಗ್ಗಿಸಿ, ಮಂಡಿಗಳ ನಡುವೆ ಮುಖವಿಟ್ಟುಕೊಂಡು ಹೇಳಿದೆ. “ಇದು ನನ್ನ ಅತ್ತಿಗೆ. ನನ್ನನ್ನ ಸಾಕಿದವರು. ಆ ಕಿವಿ ಹೋದದ್ದು ನನಗೆ ಅನ್ನ ಹಾಕಲಿಕ್ಕೆ ಹೋಗಿ. ಬಸ್ಸಿನ ಮಾತು ನಿಜವಾಗಿ ನಡೆದದ್ದು. ಅವತ್ತು ಅವರಪ್ಪ ತೀರಿಕೊಂಡಿದ್ದರು. ಇವರು ಮೂರು ಬಸ್ಸು ಕಾದರು. ನಾನು ಅದನ್ನ ನಿಮಗೆ ನೂರು ಸಲ ಮಾರಿದೆ.”

ನಗು ಒಂದೊಂದೇ ಸಾಲಿನಲ್ಲಿ ಆರುತ್ತ ಹೋಯಿತು. ಮುಂದಿನವರು ಮೊದಲು, ಆಮೇಲೆ ನಡುವಿನವರು, ಕೊನೆಗೆ ಹಿಂದೆ ನಿಂತವರು. ಮೇಲಿನ ಫ್ಯಾನುಗಳ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಒಬ್ಬರು ನಕ್ಕರು.

ತಲೆಯೆತ್ತಿದೆ. ಅತ್ತಿಗೆ ಕುರ್ಚಿಯ ತುದಿಗೆ ಬಂದಿದ್ದರು. ನನ್ನ ತುಟಿ ಅವರಿಗೆ ಕಂಡಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಅಲ್ಲಿಯವರೆಗೆ ಅಕ್ಕಪಕ್ಕ ಹಲ್ಲು ತೋರಿಸುತ್ತಿದ್ದ ಜನರೆಲ್ಲ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದರು, ಮೈದುನ ತಲೆ ತಗ್ಗಿಸಿ ಕೂತುಬಿಟ್ಟ. ಆಟ ಕೆಟ್ಟಿತು ಅಂತ ತಿಳಿದುಕೊಂಡರು. ಅದಕ್ಕೆ ನಗುತ್ತಿದ್ದರು. ಗಟ್ಟಿಯಾಗಿ, ಸರಿಯಾಗಿ ಬಾರದ ನಗು, ಮೇಲಿಂದ ಚಪ್ಪಾಳೆ. ಪಕ್ಕದವರ ಮೊಣಕೈ ತಿವಿದು ನಗಿ ಅಂತ ಸನ್ನೆ ಮಾಡಿದರು. ಎದ್ದು ನಿಂತು ಹಿಂದಕ್ಕೆ ತಿರುಗಿ, ಅಷ್ಟೂ ಜನರಿಗೆ ಎರಡೂ ಕೈಯಿಂದ, ನಗಿ, ನಗಿ ಅಂತ ಸನ್ನೆ ಮಾಡಿದರು. ಯಾರೂ ನಗಲಿಲ್ಲ. ಒಬ್ಬರೇ ನಗುತ್ತ ನಿಂತಿದ್ದರು. ಹನೀಫ್ ಸಾಹೇಬರು ಪರದೆ ಎಳೆದರು.

ಮಾರನೆಯ ದಿನದಿಂದ ಅಂಬಕ್ಕ ಮಾತಾಡಿ ನಿಲ್ಲುವುದನ್ನು ಬಿಟ್ಟಳು. ಅಂದದ್ದು ಅಂದು ಕೆಲಸ ನೋಡಿಕೊಳ್ಳುತ್ತಾಳೆ, ಅವಳಿಗೀಗ ಯಾರ ನಗುವೂ ಬೇಡ. ಸಂಜೆಯ ಹೊತ್ತು ಒಮ್ಮೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತು ಬರುತ್ತಾಳೆ. ಬೀದಿಯಲ್ಲಿ ಅತ್ತಿಗೆಯನ್ನು ಹಾಲು ಇದೆಯಾ ಅಂತ ಯಾರೂ ಕೇಳುವುದಿಲ್ಲ. ನಾನು ರಂಗ ಬಿಟ್ಟು ಹನೀಫ್ ಸಾಹೇಬರ ಹತ್ತಿರವೇ ಪರದೆ, ದೀಪ ನೋಡಿಕೊಳ್ಳುವ ಕೆಲಸಕ್ಕೆ ನಿಂತೆ. ಅವೆಲ್ಲ ಆಮೇಲಿನ ಮಾತು.

ಆ ಭಾನುವಾರ ಬಿಸಿಲು ಇಳಿಯುವ ಹೊತ್ತಿಗೆ ನಾವಿಬ್ಬರೂ ಮನೆಯ ಕಡೆ ನಡೆದು ಬರುತ್ತಿದ್ದೆವು. ನಾಟಕದಿಂದ ಹೊರಟ ಜನ ನಮ್ಮ ಹಿಂದೆ ಮುಂದೆ ಸದ್ದಿಲ್ಲದೆ ಹೋಗುತ್ತಿದ್ದರು. ಹಲವರು ಅತ್ತಿಗೆಗೆ ಕೈಮುಗಿದು ದಾರಿ ಬಿಟ್ಟರು. ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ನಾಲ್ಕು ತಿಂಗಳ ಮೇಲೆ ಬಾಯಿ ತೆರೆದು ಮಾತಾಡಿದರು.

“ಬೇಜಾರು ಮಾಡ್ಕೋಬೇಡ ನೀಲ. ಒಂದೊಂದು ದಿನ ಜನ ನಗಲ್ಲ. ಅದಕ್ಕೆ ತಲೆ ತಗ್ಗಿಸಿ ಕೂತ್ಕೋತಾರಾ ಯಾರಾದರೂ? ಪಾಪ, ಅವರೂ ಎಲ್ಲೆಲ್ಲಿಂದಲೋ ಸುಸ್ತಾಗಿ ಬಂದಿರ್ತಾರೆ. ನಾನು ನಕ್ಕೆ, ನೋಡಿದ್ಯಲ್ಲ? ನೀನು ಏನು ಹೇಳಿದೆಯೋ ಒಂದೂ ಕೇಳಿಸಲಿಲ್ಲ, ಆದರೂ ನಕ್ಕೆ. ಇನ್ನು ಮೇಲೆ ದಿನಾ ಬಂದು ಮುಂದೆ ಕೂತ್ಕೋತೀನಿ. ನನ್ನನ್ನೇ ಮಾಡು, ಪರವಾಗಿಲ್ಲ. ಚೆನ್ನಾಗಿ ಮಾಡ್ತಿ.”

ಅವರಿಗೆ ನಿಜ ಹೇಳಬೇಕಿದ್ದರೆ ಅಲ್ಲಿ ನಿಂತು, ಮುಖಕ್ಕೆ ಮುಖ ಕೊಟ್ಟು, ಕೂಗಬೇಕಿತ್ತು. ಜನ ನಗದೇ ಇದ್ದದ್ದು ಆಟ ಕೆಟ್ಟಿದ್ದಕ್ಕಲ್ಲ ಅನ್ನಬೇಕಿತ್ತು. ಅಂದರೆ ಮತ್ತೆ ಬಾಯಿ ಮುಚ್ಚಿಕೊಂಡುಬಿಡುತ್ತಾರೇನೋ ಅನ್ನಿಸಿತು. ನನ್ನ ಸಮಾಧಾನಕ್ಕೆ ಅಂತ ಹೊರಟ ಆ ಮಾತು ಬೀದಿಯುದ್ದಕ್ಕೂ ಮುಂದುವರಿದಿತ್ತು: ಸಂಜೆಗೆ ಏನು ಅಡುಗೆ, ಹನೀಫ್ ಸಾಹೇಬರ ಹೆಂಡತಿ ಎಷ್ಟು ಸೊರಗಿದ್ದಾರೆ, ಹಾಲ್ ಎಷ್ಟು ದೊಡ್ಡದು. ನಾನು ಅವರಿಗೆ ಕಾಣುವ ಹಾಗೆ ತಲೆಯಾಡಿಸುತ್ತ, ಹೂಂ ಅನ್ನುತ್ತ ನಡೆದೆ. ಆರು ವರ್ಷವಾಯಿತು. ಇನ್ನೂ ಹೂಂ ಅನ್ನುತ್ತಲೇ ಇದ್ದೇನೆ.